ನೀರಿನ ಹೊತ್ತು

ರಜೆ ಬಂತೆಂದರೆ ಮಕ್ಕಳಿಗೆ ಹಬ್ಬ, ತಂದೆಗೆ ವೇಳಾಪಟ್ಟಿ. ವರ್ಷವಿಡೀ ಗಂಟೆಯ ಸದ್ದಿಗೆ ಏಳುತ್ತ ಕೂರುತ್ತ ಇರುವ ನನ್ನಂಥ ಕಾಲೇಜು ಮೇಷ್ಟರಿಗಂತೂ ವಿಹಾರವೂ ಒಂದು ಪೀರಿಯಡ್ಡೇ. 2019ರ ಮೇ ತಿಂಗಳ ಕೊನೆಗೆ ಪಿಲಿಕುಳಕ್ಕೆ ಹೋಗುವುದೆಂದು ಮನೆಯಲ್ಲಿ ನಿಶ್ಚಯವಾದಾಗ ಎಲ್ಲರಿಗಿಂತ ಮೊದಲು ಕಾಗದ, ಪೆನ್ಸಿಲು ಹಿಡಿದು ಕೂತವನು ನಾನು.

ಪಿಲಿಕುಳ ನಮಗೆ ದೂರವಲ್ಲ. ಮೂಡುಬಿದಿರೆಯಿಂದ ಮಂಗಳೂರಿನ ಹಾದಿ ಹಿಡಿದು ಗುರುಪುರದ ಹೊಳೆ ದಾಟಿದರೆ ವಾಮಂಜೂರು, ಅಲ್ಲಿಂದ ಒಳಕ್ಕೆ. ತುಳುವಿನಲ್ಲಿ ಪಿಲಿಯೆಂದರೆ ಹುಲಿ. ಹುಲಿ ನೀರಿಗೆ ಬರುತ್ತಿದ್ದ ಕೊಳವಂತೆ. ಡಾ. ಶಿವರಾಮ ಕಾರಂತರ ಹೆಸರು ಹೊತ್ತ ಆ ನಿಸರ್ಗಧಾಮದಲ್ಲಿ ಈಗ ಹುಲಿ ಬೇಲಿಯೊಳಗೆ, ನಾವು ಹೊರಗೆ. ಪ್ರಾಣಿಗಳಿವೆ, ವಿಜ್ಞಾನ ಕೇಂದ್ರವಿದೆ, 2018ರಲ್ಲಿ ತೆರೆದ ತಾರಾಲಯವಿದೆ. ನಾವು ಹೋದ ವರ್ಷ ಮಕ್ಕಳ ಕಣ್ಣೆಲ್ಲ ಇದ್ದದ್ದು ಮಾತ್ರ ಅಲ್ಲಿಯ ಮಾನಸ ವಾಟರ್ ಪಾರ್ಕಿನ ಮೇಲೆ.

ಪ್ರಶ್ನೆ ಒಂದೇ: ನೀರಿಗಿಳಿಯುವುದು ಯಾವಾಗ? ನನ್ನ ಪಟ್ಟಿ ಹೀಗಿತ್ತು: ಬೆಳಗ್ಗೆ ತಂಪಿನಲ್ಲಿ ಪ್ರಾಣಿಗಳು, ನಡುಹಗಲಿನ ಉರಿಗೆ ತಾರಾಲಯ, ಇಳಿಹೊತ್ತಿಗೆ ನೀರು. ಮಿಂದ ಮೇಲೆ ನೇರ ಮನೆಗೆ. ತರ್ಕ ನಿರ್ದುಷ್ಟವೆಂದು ನನ್ನ ಭಾವನೆ. ನನ್ನಾಕೆ ಒಪ್ಪಲಿಲ್ಲ. “ಬಾಗಿಲು ತೆರೆದ ಕೂಡಲೆ ನೀರಿಗೆ ಹೋಗಬೇಕು ಮಾರಾಯ್ರೆ. ಆಗ ಜನ ಕಡಿಮೆ. ಮಕ್ಕಳು ಆಡಿ ದಣಿದರೆ ಮಧ್ಯಾಹ್ನ ತಾರಾಲಯದಲ್ಲಿ ಸುಮ್ಮನೆ ಕೂರುತ್ತವೆ.” ಬಂಟ್ವಾಳದಿಂದ ಬಂದಿದ್ದ ಅಮ್ಮ ಸೊಸೆಯ ಪಕ್ಷ. “ಈಗ ಮೇ ತಿಂಗಳು ಮಗಾ. ಮಧ್ಯಾಹ್ನದ ಮೇಲೆ ಘಟ್ಟದ ಕಡೆ ಕಪ್ಪಾಗುತ್ತದೆ” ಎಂದರು. ಕಡಲ ಗಾಳಿ ಹಗಲೆಲ್ಲ ಹಸಿಯನ್ನು ಹೊತ್ತುಕೊಂಡು ಹೋಗಿ ಘಟ್ಟಕ್ಕೆ ತಾಗಿಸುವುದು, ಸಂಜೆಗೆ ಅದೇ ಗುಡುಗಾಗಿ ಮರಳುವುದು ನಮ್ಮ ಊರಿನ ಹಳೆಯ ಲೆಕ್ಕ. ಆದರೆ ಆ ವರ್ಷ ಮಳೆಯ ಸುಳಿವೇ ಇರಲಿಲ್ಲ. ನನ್ನ ಪಟ್ಟಿಯೇ ಗೆದ್ದಿತು.

ಆ ಮೇ ತಿಂಗಳನ್ನು ನೆನೆದುಕೊಳ್ಳಿ. ನೇತ್ರಾವತಿ ಬತ್ತಿ, ಧರ್ಮಸ್ಥಳಕ್ಕೆ ಬರುವವರು ಯಾತ್ರೆಯನ್ನು ಕೆಲವು ದಿನ ಮುಂದಕ್ಕೆ ಹಾಕಿರೆಂದು ಡಾ. ವೀರೇಂದ್ರ ಹೆಗ್ಗಡೆಯವರೇ ಕೇಳಿಕೊಂಡಿದ್ದರು. ಬೆಳ್ತಂಗಡಿಯ ನನ್ನ ಭಾವ ಫೋನಿನಲ್ಲಿ ನಕ್ಕರು: “ನಮ್ಮ ಬಾವಿಯಲ್ಲಿ ಕೊಡ ಮುಳುಗುವುದಿಲ್ಲ, ನೀವು ದುಡ್ಡು ಕೊಟ್ಟು ನೀರಿಗೆ ಬೀಳಲಿಕ್ಕೆ ಹೊರಟಿರಾ?” ಇಂಥ ಕೊಳಗಳ ನೀರನ್ನು ಸೋಸಿ, ಕ್ಲೋರಿನ್ ಹಾಕಿ, ಮತ್ತೆ ಮತ್ತೆ ಬಳಸುತ್ತಾರೆಂದು ನಾನು ಪಾಠ ಹೇಳಿದೆ. ಮಾತು ನಿಜವೇ, ಆದರೂ ನಾಲಿಗೆ ಸ್ವಲ್ಪ ತಡವರಿಸಿತು. ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆಗಳ ಊರೆಂದು ಹೆಸರಾದ ಮೂಡುಬಿದಿರೆಯಲ್ಲಿದ್ದು, ನನ್ನ ಮಕ್ಕಳಿಗೆ ಒಂದು ಕೆರೆಯಲ್ಲೂ ಈಜು ಕಲಿಸದವನು ನಾನು.

ಅದಕ್ಕೂ ಕಾರಣವಿದೆ. 1974ರ ಜುಲೈಯ ನೆರೆಯಲ್ಲಿ ಬಂಟ್ವಾಳದ ಪೇಟೆ ಮುಳುಗಿದಾಗ ಅಮ್ಮ ಹೊಸ ಸೊಸೆ. ಕತ್ತಲೆಯಲ್ಲಿ ನಾದಿನಿಯ ಕೂಸನ್ನು ಹೊತ್ತು ಉಪ್ಪರಿಗೆಗೆ ಏರಿದವರು, ಅಂದಿನಿಂದ ಹೊಳೆಗೆ ಕಾಲಿಟ್ಟಿರಲಿಲ್ಲ, ನನ್ನನ್ನೂ ಇಡಗೊಡಲಿಲ್ಲ. ನೀರಿನ ಭಯ ನಮ್ಮ ಮನೆಯಲ್ಲಿ ಆಸ್ತಿಯಂತೆ ತಲೆಮಾರಿಗೆ ಇಳಿಯಿತು.

ವಿಹಾರದ ದಿನ ನನ್ನ ಪಟ್ಟಿ ಚೆನ್ನಾಗಿಯೇ ನಡೆಯಿತು. ಹುಲಿ ನಿದ್ದೆ ಹೋಗಿತ್ತು. ತಾರಾಲಯದಲ್ಲಿ ನಾನು ನಿದ್ದೆ ಹೋದೆ. ಮೂರು ಗಂಟೆಗೆ ನೀರಿನ ಬಳಿ ಬಂದರೆ, ಜಿಲ್ಲೆಯ ಅರ್ಧ ಜನ ನನ್ನ ಪಟ್ಟಿಯನ್ನೇ ಓದಿಕೊಂಡು ಬಂದಂತಿತ್ತು. ಜಾರುಬಂಡಿಗೆ ಸರದಿಯ ಸಾಲು. ಆಳವಿಲ್ಲದ ಕೊಳದ ಅಂಚಿನಲ್ಲಿ ಅಮ್ಮ ಸೆರಗು ಸಿಕ್ಕಿಸಿಕೊಂಡು ನಿಂತರು. “ಬನ್ನಿ ಅಜ್ಜಿ, ಮೊಣಕಾಲಿನಷ್ಟೇ” ಎಂದು ನನ್ನ ಮಗಳು ಕೈ ಹಿಡಿದಳು. ಬಹಳ ಹೊತ್ತು ನೋಡಿದರು. ಚಪ್ಪಲಿ ಕಳಚಿದರು. ಒಂದು ಪಾದ ನೀರಿಗೆ ಮುಟ್ಟಿತು. ಅದೇ ಗಳಿಗೆಗೆ ಮೂಡಣದಲ್ಲಿ ಗುಡುಗಿತು. ಮಿಂಚು ಬರುವಾಗ ನೀರಿನಲ್ಲಿ ಇರಬಾರದೆಂದು ಸೀಟಿ ಊದಿ ಎಲ್ಲರನ್ನೂ ಮೇಲಕ್ಕೆ ಕರೆದರು. ಹಿಂದೆಯೇ ಮಳೆ ಸುರಿಯಿತು.

ಮಕ್ಕಳು ಅತ್ತವು. ಆದರೆ ಆ ವರ್ಷ ಮಳೆಯನ್ನು ಬೈಯುವ ಬಾಯಿ ಯಾರಿಗಿತ್ತು? ಸೂರಿನಡಿ ನಿಂತವರೆಲ್ಲ ನಗುತ್ತಿದ್ದರು. ಭಾವ ಫೋನು ಮಾಡಿ, “ಇಲ್ಲೂ ಬಂತು, ಇಲ್ಲೂ ಬಂತು!” ಎಂದು ಕೂಗಿದರು. ಅಮ್ಮ ಒದ್ದೆ ಪಾದವನ್ನು ಸೆರಗಿನಿಂದ ಒರೆಸಿಕೊಳ್ಳುತ್ತ, “ಇನ್ನೊಮ್ಮೆ ಬೆಳಗ್ಗೆ ಬರುವ” ಎಂದರು. ಹೆಂಡತಿ ನನ್ನ ಕಡೆ ನೋಡಿದಳು, ಏನೂ ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು.

ಬತ್ತಿದ ಅದೇ ನೇತ್ರಾವತಿ ಆಗಸ್ಟಿನಲ್ಲಿ ಉಕ್ಕಿತು. ಬೆಳ್ತಂಗಡಿಯ ಘಟ್ಟದ ತಪ್ಪಲಿನ ಹಳ್ಳಿಗಳಲ್ಲಿ ಹಳ್ಳಗಳು ಮರಳನ್ನೂ ಮರಗಳನ್ನೂ ತೋಟಕ್ಕೆ ತಂದು ಸುರಿದವು. ಬಂಟ್ವಾಳದಲ್ಲಿ ನೀರು ನಮ್ಮ ಹಳೆಯ ಮನೆಯ ಮೆಟ್ಟಿಲಿಗೆ ಬಂತು. ಅಮ್ಮನನ್ನು ಮೂಡುಬಿದಿರೆಗೆ ಕರೆತಂದೆ. ಬರುವ ಬೇಸಿಗೆಯಲ್ಲಿ, ಬೆಳಗ್ಗೆಯೇ, ಪಿಲಿಕುಳವೆಂದು ಮಾತು ಕೊಟ್ಟೆ. ಬರುವ ಬೇಸಿಗೆಯೆಂದರೆ 2020. ಮಾರ್ಚಿನಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಅದು ತೆರೆಯುವಷ್ಟರಲ್ಲಿ ಅಮ್ಮನ ಮೊಣಕಾಲು ಸೋತಿತ್ತು. ಮಕ್ಕಳು ಅಪ್ಪನ ಜೊತೆ ವಿಹಾರಕ್ಕೆ ಹೋಗುವ ವಯಸ್ಸನ್ನು ದಾಟುತ್ತಿದ್ದವು.

ತರಗತಿಯಲ್ಲಿ ‘ಹೊತ್ತು’ ಎಂಬ ಪದಕ್ಕೆ ಎರಡು ಅರ್ಥ ಹೇಳುತ್ತೇನೆ: ಸಮಯ ಎಂದೊಂದು, ಭಾರವನ್ನು ಹೊರುವುದು ಎಂದಿನ್ನೊಂದು. ಎರಡೂ ಬೇರೆ ಬೇರೆ ಪದಗಳೆಂದೇ ಬಹಳ ಕಾಲ ನಂಬಿದ್ದೆ. ಈಗ ಅಷ್ಟು ಧೈರ್ಯವಿಲ್ಲ. ತಪ್ಪಿದ ಒಂದು ಬೆಳಗಿನ ಹೊತ್ತನ್ನು ನಾನು ಇಂದಿಗೂ ಹೊತ್ತೇ ಇದ್ದೇನೆ.

ಸಂಜೆ ಮಗಳು ಹಿತ್ತಾಳೆಯ ಬೋಗುಣಿಯಲ್ಲಿ ಬಿಸಿನೀರು ತಂದು ಅಜ್ಜಿಯ ಕಾಲ ಬಳಿ ಇಡುತ್ತಾಳೆ. ಉಪ್ಪು ಹಾಕಿ, ಕೈಯಿಂದ ಕಲಕಿ, “ಅಜ್ಜಿ, ತೆರೆ ಬಂತು!” ಎನ್ನುತ್ತಾಳೆ. ಅಮ್ಮ ಎರಡೂ ಪಾದಗಳನ್ನು ನೀರಿಗಿಡುತ್ತಾರೆ. ಅದಕ್ಕೆ ಯಾವ ವೇಳಾಪಟ್ಟಿಯೂ ಇಲ್ಲ. ನಾನು ಹತ್ತಿರ ಕೂತು ನೋಡುತ್ತೇನೆ.