ಪರದೆಯ ಹಿಂದಿನ ಮುಖ

ಕಲಬುರ್ಗಿಯ ಚಿತ್ರಕಾರ ಎಸ್. ಎಂ. ಪಂಡಿತರ ಹೆಸರನ್ನು ಕೇಳದವರ ಮನೆಯಲ್ಲಿಯೂ ಅವರ ಚಿತ್ರವೊಂದು ಗೋಡೆಗೆ ತೂಗಿರಬಹುದು. ನಮ್ಮ ಗಿಣಿಗೇರೆಯಂತಹ ಊರುಗಳಿಗೆ ವಾಸ್ತವ ಶೈಲಿಯ ಚಿತ್ರಗಳು ಬಂದುದು ಪ್ರದರ್ಶನಾಲಯಗಳ ದಾರಿಯಿಂದಲ್ಲ. ಅಂಗಡಿಕಾರರು ಕೊಡುತ್ತಿದ್ದ ಕ್ಯಾಲೆಂಡರುಗಳ ದಾರಿಯಿಂದ. ವರುಷ ತೀರಿದ ಮೇಲೆ ತಾರೀಖಿನ ಹಾಳೆಗಳನ್ನು ಹರಿದೊಗೆದು, ಚಿತ್ರಕ್ಕೆ ಮಾತ್ರ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ಇಟ್ಟುಕೊಳ್ಳುವ ಮನೆಗಳನ್ನು ನಾನು ಬಹಳ ಕಂಡಿರುವೆನು. ಚಿತ್ರಕಾರನಿಗೆ ಇದಕ್ಕಿಂತ ದೊಡ್ಡ ಮನ್ನಣೆಯನ್ನು ಯಾವ ಅಕಾಡೆಮಿಯೂ ಕೊಡಲಾರದೆಂದು ನನ್ನ ಎಣಿಕೆ.

ಪಂಡಿತರು ಹುಟ್ಟಿದುದು 1916ರಲ್ಲಿ, ಕಾಲವಾದುದು 1993ರಲ್ಲಿ. ಕೊಪ್ಪಳದಂತೆ ಕಲಬುರ್ಗಿಯೂ ಆಗ ನಿಜಾಮರ ಸೀಮೆ. ಅಲ್ಲಿಂದ ಮುಂಬಯಿಗೆ ಹೋಗಿ, ಕನ್ನಡಿಗರೇ ಆದ ದಂಡಾವತಿಮಠರ ನೂತನ ಕಲಾಮಂದಿರದಲ್ಲಿಯೂ ಜೆ. ಜೆ. ಕಲಾಶಾಲೆಯಲ್ಲಿಯೂ ಕಲಿತು, ಚಲಚ್ಚಿತ್ರಗಳ ಜಾಹೀರಾತುಗಳನ್ನು ಬರೆಯುತ್ತ ಮೇಲೆ ಬಂದರು. ಬಾಬೂರಾವ ಪಟೇಲರ ‘ಫಿಲ್ಮ್ ಇಂಡಿಯಾ’ ಮಾಸಿಕದ ಮುಖಪುಟಗಳಲ್ಲಿ ಅವರ ಕುಂಚದಿಂದ ಮೂಡಿದ ನಟಿಯರ ಮುಖಗಳು ದೇಶವನ್ನೆಲ್ಲ ಸುತ್ತಿದವು. ತರುವಾಯ ಅವರು ಪುರಾಣದತ್ತ ತಿರುಗಿದರು. ರಾಧಾಕೃಷ್ಣರು ಬಂದರು, ವಿಶ್ವಾಮಿತ್ರ ಮೇನಕೆಯರು ಬಂದರು. ರೇಷ್ಮೆಯ ಮಡಿಕೆ, ಮೂಗುತಿಯ ಮಿಂಚು, ಚರ್ಮದೊಳಗಿನ ಬಿಸುಪು, ಇವುಗಳನ್ನು ಕಣ್ಣಿಗೆ ಮುಟ್ಟಿಸುವ ಕೈ ಅವರದು.

ಆದರೂ ನಾನು ಕಂಡ ಅವರ ಚಿತ್ರಗಳಲ್ಲಿಯ ಸ್ತ್ರೀಯು ದೇವಿ, ಅಪ್ಸರೆ, ಇಲ್ಲವೆ ನಾಯಿಕೆ. ಕೆಲಸದಲ್ಲಿ ತೊಡಗಿದ ಕಲಾವಿದೆಯಲ್ಲ. ಇದು ಪಂಡಿತರೊಬ್ಬರ ಕೊರತೆಯಲ್ಲ, ಆ ಕಾಲದ ಬೇಡಿಕೆಯೇ ಹಾಗಿತ್ತು. ಆಗಿನ ಬಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯವರು 1943ರ ‘ಕಿಸ್ಮತ್’ನಲ್ಲಿ ಹಾಡಿದರು, ಕಂಠವು ಅವರದು, ತೆರೆಯ ಮೇಲಿನ ಮುಖವು ಮತ್ತೊಬ್ಬರದು. 1949ರ ‘ಮಹಲ್’ ಚಿತ್ರದ ಪ್ರಸಿದ್ಧ ಗೀತದ ತಟ್ಟೆಯ ಮೇಲಂತೂ ಮೊದಲು ಅಚ್ಚಾದುದು ಕಥಾನಾಯಿಕೆ ಕಾಮಿನಿಯ ಹೆಸರು. ಹಾಡಿದ ಲತಾ ಮಂಗೇಶಕರರದಲ್ಲ! ಹಾಡಿದವಳು ಕಾಣದಿರುವದೇ ಆ ಕಲೆಯ ಜಾಣ್ಮೆಯಾಗಿತ್ತು.

ಈ ಕಾಣದಿರುವಿಕೆಯು ಸಿನೆಮಾದೊಡನೆ ಹುಟ್ಟಿದುದಲ್ಲ. ನಮ್ಮ ಕೊಪ್ಪಳ ತಾಲೂಕಿನವೇ ಆದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರನ್ನು ನೆನೆಯಿರಿ. ತೊಗಲುಗೊಂಬೆಯ ಆಟದಲ್ಲಿ ಕುಟುಂಬದ ಸ್ತ್ರೀಪುರುಷರೆಲ್ಲರೂ ಪರದೆಯ ಹಿಂದೆ ಕೂಡುವರು. ಹದಮಾಡಿ ಹೆರೆದ ತೊಗಲಿನ ಮೇಲೆ ರಂಧ್ರ ಕೊರೆದು ಬಣ್ಣ ತುಂಬಿದ ಗೊಂಬೆಯು ಮುಂದೆ. ಅದರ ಬೆನ್ನಿಗೆ ದೀಪ. ದೀಪದ ಹಿಂದೆ ಹಾಡುವ ಹೆಣ್ಣುಮಗಳು. ನಾವು ಮಕ್ಕಳಾಗಿದ್ದಾಗ ಮಳೆ ಬಾರದ ವರುಷ ಊರವರು ಈ ಆಟವನ್ನು ಆಡಿಸುತ್ತಿದ್ದರು. ಬೆಳಗಿನ ವರೆಗೆ ಸೀತೆ ಅಳುತ್ತಿದ್ದಳು, ಬಂಗಾರವ್ವ ಬೈಯುತ್ತಿದ್ದಳು. ನಾವು ಅತ್ತೆವು, ನಕ್ಕೆವು. ಅಳುವವಳೂ ಬೈಯುವವಳೂ ಒಬ್ಬಳೇ ಎಂಬುದು ನಮಗೆ ಹೊಳೆಯಲಿಲ್ಲ. ಹಿಂದೆ ಹೋಗಿ ಇಣಿಕಬಾರದೆಂದು ಹಿರಿಯರ ಕಟ್ಟಪ್ಪಣೆಯೂ ಇತ್ತೆನ್ನಿ.

ಭೀಮವ್ವನವರು ಆ ಗೊಂಬೆಗಳನ್ನು ಅಮೆರಿಕೆಗೂ ಯುರೋಪಿಗೂ ಒಯ್ದರು. 2025ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು 96 ಎಂದು ವೃತ್ತಪತ್ರಿಕೆಗಳು ಬರೆದವು. ಮುಖದ ಛಾಯಾಚಿತ್ರವನ್ನೂ ಅಚ್ಚುಹಾಕಿದವು. ಎಂಟು ದಶಕಗಳ ದುಡಿಮೆಯ ಮುಖವನ್ನು ನಾಡು ಕಂಡುದು ಆ ಒಂದು ವಾರದ ಕಾಗದದಲ್ಲಿ.

ಛಾಯಾಚಿತ್ರವಿರುವಾಗ ಕುಂಚದ ಚಿತ್ರವೇಕೆಂದು ಕೇಳುವವರುಂಟು. ಯಂತ್ರವು ಕ್ಷಣದಲ್ಲಿ ತನ್ನ ಕೆಲಸ ಮುಗಿಸಿ ಹೋಗುವದು. ಚಿತ್ರಕಾರನು ಎದುರಿಗೆ ದಿನಗಟ್ಟಲೆ ಕೂಡಬೇಕು; ಹೆಬ್ಬೆರಳಿನ ಜಡ್ಡು ಕಡ್ಡಿಯನ್ನು ಹಿಡಿದು ಹಿಡಿದು ಬಂದುದೋ, ಬೆರಣಿ ತಟ್ಟಿ ಬಂದುದೋ ಎಂದು ವಿಚಾರಿಸಬೇಕು. ಆ ಕೂಡುವದೇ ಒಂದು ಗೌರವ. ರಾಜರಿಗೂ ದಿವಾನರಿಗೂ ಅದು ಸಲ್ಲುತ್ತಿತ್ತು. ಶಿಳ್ಳೇಕ್ಯಾತರ ಮುದುಕಿಗೇಕೆ ಸಲ್ಲಬಾರದು?

ಇಟಲಿಯ ಆರ್ಟೆಮಿಸಿಯಾ ಜೆಂಟಿಲೆಸ್ಕಿ ಎಂಬ ಚಿತ್ರಕಾರ್ತಿಯು ಸುಮಾರು 1638ರಲ್ಲಿ ತನ್ನ ಚಿತ್ರವನ್ನು ತಾನೇ ಬರೆದಳೆಂದು ನಂಬಲಾಗಿದೆ. ಅದು ಆಂಗ್ಲ ರಾಜಮನೆತನದ ಸಂಗ್ರಹದಲ್ಲಿರುವದು. ಅವರಲ್ಲಿ ಚಿತ್ರಕಲೆಯನ್ನೇ ಸ್ತ್ರೀರೂಪದಲ್ಲಿ ಬರೆಯುವ ಸಂಪ್ರದಾಯವಿತ್ತು. ಈಕೆ ಆ ದೇವತೆಯ ಸ್ಥಾನದಲ್ಲಿ ತನ್ನನ್ನೇ ನಿಲ್ಲಿಸಿದಳು. ಆದರೆ ಅಲಂಕರಿಸಿಕೊಂಡು ನಮ್ಮತ್ತ ನೋಡುತ್ತ ನಿಂತಿಲ್ಲ. ಕೆದರಿದ ಕೂದಲು, ಮೇಲೆತ್ತಿದ ತೋಳು, ಕೈಯಲ್ಲಿ ಕುಂಚ, ದೃಷ್ಟಿಯೆಲ್ಲ ಕೆಲಸದ ಮೇಲೆ. ನೋಡುವವನು ಅಲ್ಲಿರುವನೋ ಇಲ್ಲವೋ, ಆಕೆಗೆ ಬೇಕಿಲ್ಲ.

ನಮ್ಮ ಕಡೆಯ ತರುಣ ಚಿತ್ರಕಾರನೊಬ್ಬನು ಭೀಮವ್ವನವರನ್ನು ಬರೆಯುವದಾದರೆ ಶಾಲು ಹೊದಿಸಿ ಕುರ್ಚಿಯಲ್ಲಿ ಕೂಡಿಸುವದು ಬೇಡ. ಪರದೆಯ ಈಚೆಗಿನ ನಮ್ಮ ಜಾಗವನ್ನು ಬಿಟ್ಟು ಆಚೆಗೆ ಹೋಗಲಿ. ದೀಪದ ಬೆಳಕು ನೇರವಾಗಿ ಆ ಸುಕ್ಕುಗಳ ಮೇಲೆ ಬೀಳುವದು. ಬಾಯಿ ಹಾಡಿಗೆ ತೆರೆದಿರುವದು. ಗೊಂಬೆಯ ಬೆನ್ನು ಮಾತ್ರ ನಮಗೆ ಕಾಣುವದು. ಪಂಡಿತರಂತಹ ಕೈಗೆ ತಕ್ಕ ಬೆಳಕು ಅದು. ಕಲಬುರ್ಗಿಯಲ್ಲಿ ಅವರ ಹೆಸರಿನ ರಂಗಮಂದಿರವೊಂದಿದೆ, ಅಲ್ಲಿ ತೂಗುಹಾಕಬಹುದು. ಕೆಳಗೆ ಸೀತೆಯೆಂದಾಗಲಿ ಜಾನಪದ ಸ್ತ್ರೀಯೆಂದಾಗಲಿ ಬರೆಯದೆ, ಮೋರನಾಳ ಭೀಮವ್ವ ಎಂದೇ ಬರೆಯಲಿ.