ಬಟ್ಟೆಯ ಗೋಡೆಗಳು: ಜಾಂಬುಘೋಡಾದಲ್ಲೊಂದು ರಾತ್ರಿ

ಸಂಸಾರಸ್ಥನಿಗೆ ಮನೆಯಲ್ಲಿ ಅತ್ಯಂತ ದುರ್ಲಭವಾದ ವಸ್ತು ಯಾವುದೆಂದು ಯಾರಾದರೂ ಕೇಳಿದರೆ, ನಾನು ಎಣ್ಣೆಯೆಂದಾಗಲಿ ತೊಗರಿಬೇಳೆಯೆಂದಾಗಲಿ ಹೇಳುವವನಲ್ಲ. ಹೆಂಡತಿಯೊಡನೆ ಆಡುವ ಎರಡು ಮಾತಿನ ಏಕಾಂತ ಎನ್ನುತ್ತೇನೆ. ವಡೋದರಾ ನಗರದ ಗೋರ್ವಾದಲ್ಲಿ, ದಶಾಮಾ ತಲಾವಿನಿಂದ ತುಸು ದೂರದಲ್ಲಿ, ನಮ್ಮದು ಎರಡು ಕೋಣೆಯ ಮನೆ. ಅವ್ವ, ಇಬ್ಬರು ಮಕ್ಕಳು, ನಾವಿಬ್ಬರು. ನಾನು ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯಲ್ಲಿ ಎರಡನೆಯ ಪಾಳಿ ಮುಗಿಸಿ ಬರುವ ಹೊತ್ತಿಗೆ ಮನೆಯವರೆಲ್ಲ ಮಲಗಿರುತ್ತಾರೆ. ಮಲಗಿರುತ್ತಾರೆಯೇ ಹೊರತು ನಿದ್ರಿಸಿರುತ್ತಾರೆಂದು ಹೇಳಲಾರೆ.

ಪರಸ್ಥಳದಲ್ಲಿರುವ ನಮ್ಮಂಥವರಿಗೆ ದೇವರು ಒಂದು ಅನುಕೂಲವನ್ನು ಕೊಟ್ಟಿದ್ದಾನೆ. ಅದು ಭಾಷೆಯೆಂಬ ಪರದೆ. ನೆರೆಯವರು ಬಂದು ಕುಳಿತಾಗ ನಾವು ಕನ್ನಡದಲ್ಲಿ ಮಾತಾಡಿಕೊಳ್ಳುತ್ತೇವೆ. ಅವ್ವ ಎದುರಿಗಿದ್ದರೆ ಮೆಲ್ಲನೆ ಗುಜರಾತಿಗೆ ಇಳಿಯುತ್ತೇವೆ. ಧಾರವಾಡದಿಂದ ಬಂದು ಹನ್ನೊಂದು ವರ್ಷವಾದರೂ ಅವ್ವನಿಗೆ ಗುಜರಾತಿಯ ಗಂಧವಿಲ್ಲವೆಂಬುದು ನಮ್ಮ ನಂಬಿಕೆ. ಹೀಗೆ ಎರಡು ಪರದೆಗಳ ನಡುವೆ ಸಂಸಾರ ಹೇಗೋ ಸಾಗಿತ್ತು.

ಯುಗಾದಿಗೆ ನಾಲ್ಕು ದಿನ ಮೊದಲು ಸಂಘದ ಹತ್ತು ಕುಟುಂಬಗಳು ಕೂಡಿ ಜಾಂಬುಘೋಡಾ ಕಾಡಿಗೆ ವಿಹಾರ ಹೊರಟೆವು. ಊರಿನಿಂದ ಸುಮಾರು 70 ಕಿಲೋಮೀಟರು. ಹಾಲೋಲ್ ದಾಟುತ್ತಲೇ ಪಾವಾಗಢ ಬೆಟ್ಟ ಬಲಗೈಯಲ್ಲಿ ತಲೆಯೆತ್ತುತ್ತದೆ. ಅದರ ಬುಡದಲ್ಲಿ ಚಾಂಪಾನೇರ್. 1484ರಲ್ಲಿ ಮಹಮ್ಮೂದ್ ಬೇಗಡನು ಗೆದ್ದು ರಾಜಧಾನಿ ಮಾಡಿಕೊಂಡ ಊರದು. 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಂದ ಮುಂದೆ ಮ್ಯಾಂಗನೀಸ್ ಗಣಿಗಳ ಶಿವರಾಜಪುರ. ಆಮೇಲೆ ತೇಗ, ಬಿದಿರು, ಹಿಪ್ಪೆಮರಗಳ ಕಾಡು. 1990ರಿಂದ ಇದು ವನ್ಯಧಾಮ. ಚಿರತೆಯೂ ಕರಡಿಯೂ ಉಂಟು. ಕಡಾ ಎಂಬಲ್ಲಿಯ ಕೆರೆಯ ಹತ್ತಿರ ನಮ್ಮ ಬಿಡಾರ.

ಡೇರೆಗಳನ್ನು ಸಾಲಾಗಿ, ಒಂದಕ್ಕೊಂದು ಮೊಣಕೈ ತಾಗುವಂತೆ ಹೊಡೆದಿದ್ದರು. ಬಟ್ಟೆಯ ಗೋಡೆಯ ಗುಣ ನಮಗೆ ತಿಳಿದದ್ದು ಕತ್ತಲಾದ ಮೇಲೆ. ಒಳಗೆ ದೀಪ ಹಚ್ಚಿದೊಡನೆ ಡೇರೆಯೆಲ್ಲ ತೊಗಲುಗೊಂಬೆಯಾಟದ ಪರದೆಯಾಯಿತು. ಹಿರಿಯರೊಬ್ಬರು ಪಂಚೆ ಬದಲಿಸಲು ಪಡುತ್ತಿದ್ದ ಪಾಡನ್ನು ಹೊರಗೆ ಹದಿನಾಲ್ಕು ಮಕ್ಕಳು ಕುಳಿತು ನೋಡಿ ಚಪ್ಪಾಳೆ ತಟ್ಟಿದರು. ಅನುಭವದಿಂದ ಹೇಳುತ್ತೇನೆ: ಡೇರೆಯಲ್ಲಿ ಉಳಿಯುವವರು ದೀಪವನ್ನು ಹೊರಗೆ, ಬಾಗಿಲ ಬದಿಗೆ ತೂಗುಹಾಕತಕ್ಕದ್ದು.

ದೀಪಕ್ಕೆ ಉಪಾಯವಿದೆ, ದನಿಗೆ ಏನು ಮಾಡುವುದು? ನಾನು ಕನ್ನಡದಲ್ಲಿ ಪಿಸುಗುಟ್ಟಿದೆ. “ರೀ, ಇಲ್ಲೆ ಎಲ್ಲಾರಿಗೂ ಕನ್ನಡ ಬರ್ತದ,” ಎಂದಳು ನನ್ನಾಕೆ. ಗುಜರಾತಿಗೆ ತಿರುಗಿದೆ. “ಅದೂ ಬರ್ತದ,” ಎಂದಳು. ಎರಡು ಪರದೆಗಳೂ ಒಂದೇ ಏಟಿಗೆ ಕಳಚಿ ಬಿದ್ದವು. ಪಕ್ಕದ ಡೇರೆಯಲ್ಲಿ ಹೊಸದಾಗಿ ಮದುವೆಯಾದ ಜೋಡಿ. ಪಾಪ, ಅಲ್ಲಿಂದ ಕೇಳಿಬರುತ್ತಿದ್ದುದು ಬಳೆಯ ಸದ್ದು, ಅದರ ಹಿಂದೆಯೇ ಗಾಬರಿಯ ಮೌನ.

ಆಗ ಅವ್ವನ ದನಿ ಕೇಳಿತು: “ಎಲ್ಲಾ ಹುಡುಗೂರೂ ದೊಡ್ಡ ಡೇರೇಕ್ಕ ಬರ್ರಿ, ಕತಿ ಹೇಳ್ತೀನಿ!” ಮಕ್ಕಳ ದಂಡು ಅತ್ತ ಹೋಯಿತು. ಉಳಿದ ಅಜ್ಜಿಯರೂ ಕತೆಗೆ ಸೇರಿಕೊಂಡರು. ಪಂಚೆಯ ಹಿರಿಯರು ಬೆಂಕಿಯ ಬಳಿ ಕುಳಿತು ಸವದತ್ತಿ ಎಲ್ಲಮ್ಮನ ಜಾತ್ರೆಯ ಮಾತು ತೆಗೆದರು. ಭರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಹೋದವರು ಚಕ್ಕಡಿಯ ಬುಡದಲ್ಲೇ ಮಲಗುತ್ತಿದ್ದರಂತೆ. ಸುತ್ತ ನೂರು ಚಕ್ಕಡಿ, ಗೋಡೆಯೆಂಬುದೇ ಇಲ್ಲ. “ಹಂಗಾದ್ರ ಗಂಡ ಹೆಂಡತಿ ಮಾತಾಡೂದು ಹ್ಯಾಂಗ್ರೀ?” ಎಂದು ಯಾರೋ ಕೇಳಿದರು. “ನಾವು ಕೆಮ್ಮಿ ಹೊಂಟು, ಕೆಮ್ಮಿ ಬರ್ತಿದ್ವಿ. ಗ್ವಾಡಿ ಇಲ್ಲಂದ್ರ ಮಂದೀನ ಗ್ವಾಡಿ ಆಗಬೇಕು,” ಎಂದರು ಅವರು.

ನಸುಕಿನಲ್ಲಿ ನನ್ನಾಕೆ ನನ್ನ ತೋಳು ಮುಟ್ಟಿ ಎಬ್ಬಿಸಿದಳು. ಕೈಯಲ್ಲಿ ತಂಬಿಗೆ. ನೀರು ತರುವ ನೆಪ. ಕತ್ತಲಲ್ಲಿ ಒಬ್ಬೊಬ್ಬರೇ ಹೋಗಕೂಡದು, ಹಿಪ್ಪೆಹೂವಿಗೆ ಕರಡಿ ಬರುತ್ತದೆ ಎಂದು ಕಾವಲುಗಾರ ಎಚ್ಚರಿಸಿದ್ದ. ಆದರೆ ಊರಿನವರು ಆಗಲೇ ಬುಟ್ಟಿ ಹಿಡಿದು ಬಂದಿದ್ದರು. ರಾತ್ರಿಯಿಡೀ ಉದುರಿದ ಹಿಪ್ಪೆಹೂವನ್ನು ಬಿಸಿಲೇರುವ ಮೊದಲು ಆರಿಸಬೇಕು. ಮೂಡಲಲ್ಲಿ ಕುಡುಗೋಲಿನಂಥ ಚಂದ್ರ. ಒಂದು ಮರದಡಿ ಗಂಡಹೆಂಡಿರಿಬ್ಬರು ಕುಕ್ಕರುಗಾಲಲ್ಲಿ ಕುಳಿತು ಹೂ ಆರಿಸುತ್ತ, ತಗ್ಗಿದ ದನಿಯಲ್ಲಿ ಏನೋ ಮಾತಾಡುತ್ತ ನಗುತ್ತಿದ್ದರು. ಅವರ ಕೂಸು ಬದಿಯಲ್ಲೇ ಹರಕು ಸೀರೆಯ ಮೇಲೆ ಮಲಗಿತ್ತು.

ನಾವು ಅವರಿಂದ ದೂರಕ್ಕೆ, ಇನ್ನೊಂದು ಮರದಡಿ ನಿಂತೆವು. ಅವಳು ನನ್ನ ಕೈ ಹಿಡಿದಳು. ಹದಿನೇಳು ವರ್ಷದ ಸಂಸಾರದಲ್ಲಿ ಬಯಲಿನಲ್ಲಿ ಹಾಗೆ ಕೈ ಹಿಡಿದದ್ದು ನನಗೆ ನೆನಪಿಲ್ಲ.

“ನೀವು ಧಾರವಾಡದಾಗ ಮನಿ ಕಟ್ಟೂ ಮಾತು ಆಡ್ತೀರಲ್ಲ,” ಎಂದಳು, “ನನಗ ಹೋಗಲಿಕ್ಕೆ ಮನಸಿಲ್ಲರಿ. ಮಕ್ಕಳು ಇಲ್ಲೇ ಬೆಳದಾವ. ನಂದೂ ಜೀವ ಇಲ್ಲೇ ಹತ್ಯದ. ಅತ್ತಿ ನೊಂದ್ಕೋತಾರಂತ ಮನ್ಯಾಗ ಹೇಳಲಿಲ್ಲ.”

ತಿಂಗಳು ತಿಂಗಳೂ ಸಂಬಳದಲ್ಲಿ ಉಳಿಸುತ್ತಿದ್ದುದು ಆ ಮನೆಗೆಂದೇ. ನನಗೆ ಒಂದು ಕ್ಷಣ ಮಾತು ಹೊರಡಲಿಲ್ಲ. ಕೋಪ ಬರಲಿಲ್ಲ. ಇಷ್ಟು ದೊಡ್ಡ ಮಾತನ್ನು ಇವಳು ಎಷ್ಟು ದಿನ ಒಬ್ಬಳೇ ಹೊತ್ತಿದ್ದಳೋ ಎನಿಸಿತು. “ಅವಸರಿಲ್ಲ, ವಿಚಾರ ಮಾಡೋಣು,” ಎಂದೆ, ಕೈ ಬಿಡದೆ. ಹಿಪ್ಪೆಹೂ ಒಂದೊಂದಾಗಿ ನಮ್ಮ ಸುತ್ತ ಉದುರುತ್ತಿತ್ತು.

ಅಷ್ಟರಲ್ಲಿ ದೂರದಿಂದ ಒಂದು ಕೆಮ್ಮು. ಪಂಚೆಯ ಹಿರಿಯರು! ಅವರ ಹಿಂದೆ ತಂಬಿಗೆ ಹಿಡಿದ ಅವರ ಯಜಮಾನಿತಿ. ಅವರ ಹಿಂದೆ, ನಾಚಿಕೊಂಡು, ಹೊಸ ಜೋಡಿ. ಬಿಡಾರಕ್ಕೆ ಮರಳಿದಾಗ ನೀರಿಗೆ ಹೋದವರ ಮೂರು ತಂಬಿಗೆಗಳೂ ಖಾಲಿಯಾಗಿದ್ದವು. ಯಾರೂ ಯಾರನ್ನೂ ಕೇಳಲಿಲ್ಲ.

ಚಹದ ಒಲೆಯ ಬಳಿ ಅವ್ವ ಅಡಿಗೆಯವನೊಡನೆ ಹರಟುತ್ತಿದ್ದಳು. ಹಾಲು ಎಷ್ಟು, ಮಗಳ ಮದುವೆ ಯಾವಾಗ, ಈ ಸಲ ಮಳೆ ಹೇಗೆ. ಎಲ್ಲವೂ ಅಚ್ಚ ಗುಜರಾತಿಯಲ್ಲಿ. ನಾವಿಬ್ಬರೂ ಕಲ್ಲಿನಂತೆ ನಿಂತೆವು.

“ಅವ್ವಾ, ನಿನಗ ಗುಜರಾತಿ ಬರ್ತದೇನು?”

“ಹನ್ನೊಂದು ವರ್ಷ ಆತಲ್ಲಪ್ಪಾ, ನಾನೇನು ಕಿವುಡಿ ಏನು?” ಎಂದು ಅವ್ವ ಬಸಿಯಲ್ಲಿ ಚಹ ಹೊಯ್ದುಕೊಂಡಳು. “ಬರ್ತದಂದಿದ್ರ ನೀವಿಬ್ಬರು ಮಾತಾಡೂದು ಎಲ್ಲೆ? ಅದಕ್ಕ ಬರೂದಿಲ್ಲಂತ ಸುಮ್ಮನಿದ್ದೆ.” ಸೊಸೆಯತ್ತ ತಿರುಗಿ, “ಧಾರವಾಡದ ಮನಿ ಚಿಂತಿ ನನ್ನ ಸಲುವಾಗಿ ಮಾಡಬ್ಯಾಡ್ರಿ. ನನಗೂ ಇಲ್ಲೆ ಗೆಳತ್ಯಾರಿದ್ದಾರ,” ಎಂದಳು.

ಗೋರ್ವಾದ ನಮ್ಮ ಎರಡು ಕೋಣೆಗಳು ಹಾಗೆಯೇ ಇವೆ. ರಾತ್ರಿ ನಾನು ಬಂದೊಡನೆ ಅವ್ವ ಈಗಲೂ ಗೋಡೆಯ ಕಡೆ ಹೊರಳಿ ಮಲಗುತ್ತಾಳೆ. ನಾವು ಈಗಲೂ ಗುಜರಾತಿಯಲ್ಲೇ ಮಾತಾಡುತ್ತೇವೆ; ಅವ್ವನಿಗೆ ಈಗಲೂ ತಿಳಿಯುವುದಿಲ್ಲ.