ಜಿಗಿತದ ಲೆಕ್ಕ

ನೆಲವನ್ನು ಬಿಟ್ಟು ಮೇಲೇಳಬೇಕೆಂಬ ಹಂಬಲ ಮನುಷ್ಯನಿಗೆ ಇಂದು ನಿನ್ನೆಯದಲ್ಲ. ಹನುಮಂತನು ಮಹೇಂದ್ರಪರ್ವತದ ಮೇಲೆ ನಿಂತು, ಮೈಯನ್ನು ಬೆಳೆಸಿ, ಒಂದೇ ನೆಗೆತಕ್ಕೆ ಸಮುದ್ರವನ್ನು ದಾಟಿದ ಕಥೆಯನ್ನು ನಾವೆಲ್ಲ ಬಾಲ್ಯದಲ್ಲಿಯೇ ಕೇಳಿದ್ದೇವೆ. ಆ ಕಥೆಯನ್ನು ಕೇಳುವಾಗ ಅವನ ತೂಕವೆಷ್ಟು, ನೆಗೆತದ ವೇಗವೆಷ್ಟು ಎಂದು ಯಾರೂ ವಿಚಾರಿಸುವುದಿಲ್ಲ. ಅಲ್ಲಿ ಸಮುದ್ರವನ್ನು ದಾಟಿದ್ದು ಸ್ವಾಮಿಭಕ್ತಿ. ಆದರೆ ವಿಜ್ಞಾನದ ಹೆಸರನ್ನು ಹೊತ್ತು ಬಂದ ಕಥೆಯ ಮುಂದೆ ಓದುಗನಿಗೆ ಬೇರೊಂದು ಹಕ್ಕಿದೆ. ಅಲ್ಲಿ ಯಾರಾದರೂ ಮನೆಯ ಮಾಳಿಗೆಯ ಎತ್ತರಕ್ಕೆ ನೆಗೆದರೆ, 'ಅದು ಹೇಗೆ?' ಎಂದು ನಾವು ಕೇಳಬಹುದು. ಲೆಕ್ಕ ಒಪ್ಪಿಸುವ ಹೊಣೆ ಕಥೆಗಾರನದು.

ನಾನು ಬದುಕಿನುದ್ದಕ್ಕೂ ಕನ್ನಡ ಪಾಠ ಹೇಳಿದವನು. ವಿಜ್ಞಾನ ನನ್ನ ವಿಷಯವಲ್ಲ. ಆದರೂ ಅನ್ಯಲೋಕಗಳ ಕಥೆಗಳೆಂದರೆ ನನಗೆ ಮೊದಲಿನಿಂದಲೂ ಪ್ರೀತಿ. ಅಂಥ ಕಥೆಯೊಂದನ್ನು ಕೈಗೆತ್ತಿಕೊಂಡಾಗ ನಾನು ಮೊದಲು ನೋಡುವುದು ಅಲ್ಲಿ ಮನುಷ್ಯ ಹೇಗೆ ನಡೆಯುತ್ತಾನೆ ಎಂಬುದನ್ನು. ಹೊಸ ನೆಲದ ಗುಣ ಎಲ್ಲಕ್ಕಿಂತ ಮೊದಲು ತಿಳಿಯುವುದು ಕಾಲಿಗೆ. ಚಂದ್ರನ ಸೆಳೆತ ಭೂಮಿಯ ಸೆಳೆತದ ಆರನೆಯ ಒಂದು ಪಾಲು. ಮಂಗಳದ್ದು ನೂರಕ್ಕೆ ಸುಮಾರು 38 ಪಾಲು. ಇಲ್ಲಿಯ 60 ಕಿಲೋ ಅಕ್ಕಿಯ ಮೂಟೆ ಚಂದ್ರನಲ್ಲಿ ಹೊರುವವನ ಬೆನ್ನಿಗೆ 10 ಕಿಲೋದಷ್ಟು, ಮಂಗಳದಲ್ಲಿ 23 ಕಿಲೋದಷ್ಟು ಮಾತ್ರ ಭಾರವೆನಿಸುತ್ತದೆ. ಕಥೆಗಾರರ ಕಲ್ಪನೆ ಗರಿಗೆದರುವುದಕ್ಕೆ ಇಷ್ಟು ಸಾಕಾಯಿತು.

ಇಂಗ್ಲೆಂಡಿನ ಎಚ್. ಜಿ. ವೆಲ್ಸ್ 1901ರಲ್ಲಿ 'ದಿ ಫಸ್ಟ್ ಮೆನ್ ಇನ್ ದಿ ಮೂನ್' ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಬೆಡ್‌ಫರ್ಡ್ ಮತ್ತು ಕೇವರ್ ಎಂಬ ಇಬ್ಬರು ಒಂದು ಗೋಳದೊಳಗೆ ಕುಳಿತು ಚಂದ್ರನನ್ನು ಸೇರುವ ಕಥೆ ಅದು. ವೆಲ್ಸರ ಚಂದ್ರನಲ್ಲಿ ಗಾಳಿಯಿದೆ, ಗಿಡಗಳಿವೆ. ಅವು ಅಲ್ಲಿಲ್ಲವೆಂದು ಇಂದು ನಮಗೆ ತಿಳಿದಿದೆ. ಆದರೆ ನೆಗೆತದ ವಿಷಯದಲ್ಲಿ ಅವರು ಎಚ್ಚರದಿಂದ ಬರೆದರು. ಹೊರಗೆ ಬಂದ ಇಬ್ಬರೂ ತಮ್ಮ ಮೈಯ ಹಗುರತನಕ್ಕೆ ಮಾರುಹೋಗಿ ಮಕ್ಕಳಂತೆ ನೆಗೆದಾಡುತ್ತಾರೆ. ಬೀಳುತ್ತಾರೆ, ಏಳುತ್ತಾರೆ, ಮತ್ತೆ ನೆಗೆಯುತ್ತಾರೆ. ಆಟ ಮುಗಿದಾಗ, ನೋಡನೋಡುತ್ತಲೇ ಬೆಳೆದ ಗಿಡಗಳ ನಡುವೆ ಅವರ ಗೋಳ ಎಲ್ಲಿದೆಯೆಂದೇ ತಿಳಿಯದಾಗುತ್ತದೆ. ಮನೆಗೆ ಮರಳುವ ಏಕೈಕ ಸಾಧನ ಅದು! ಸಂತೋಷವನ್ನು ಕೊಟ್ಟ ಹಗುರತನವೇ ಅವರನ್ನು ಅಪಾಯಕ್ಕೆ ತಂದೊಡ್ಡಿತು.

ಈ ಎಚ್ಚರಿಕೆ ಸುಳ್ಳಾಗಲಿಲ್ಲ. 1969ರಿಂದ 1972ರವರೆಗೆ ಹನ್ನೆರಡು ಮಂದಿ ಚಂದ್ರನ ಮೇಲೆ ನಡೆದರು. ಅವರು ತೊಟ್ಟ ಉಡುಪು ಮತ್ತು ಬೆನ್ನಿನ ಪೆಟ್ಟಿಗೆ ಸೇರಿ ಭೂಮಿಯಲ್ಲಿ ಸುಮಾರು 90 ಕಿಲೋ ತೂಗುತ್ತಿದ್ದವು. ಚಂದ್ರನಲ್ಲಿ ಆ ತೂಕ ಆರನೆಯ ಒಂದು ಪಾಲಿಗೆ ಇಳಿಯಿತು. ದ್ರವ್ಯರಾಶಿ ಮಾತ್ರ ಒಂದಿಷ್ಟೂ ಇಳಿಯಲಿಲ್ಲ. ಓಡುತ್ತಿರುವ ದೇಹವನ್ನು ನಿಲ್ಲಿಸಲು ಭೂಮಿಯಲ್ಲಿ ಎಷ್ಟು ಬಲ ಬೇಕೋ ಅಲ್ಲಿಯೂ ಅಷ್ಟೇ ಬೇಕು. ಆದರೆ ಕಾಲು ನೆಲವನ್ನು ಹಿಡಿಯುವ ಹಿಡಿತ ಬಹಳ ಕಡಿಮೆ. ಆದ್ದರಿಂದಲೇ ನಿಲ್ಲಬೇಕಾದರೆ ಎರಡು ಮೂರು ಹೆಜ್ಜೆಗಳ ಮುಂಚೆಯೇ ಸಿದ್ಧವಾಗಬೇಕೆಂದು ಬಜ್ ಆಲ್ಡ್ರಿನ್ ನಡೆದು ನೋಡಿ ಕಂಡುಕೊಂಡರು. 1972ರ ಏಪ್ರಿಲ್ ತಿಂಗಳಲ್ಲಿ ಅಪೊಲೊ 16ರ ಯಾತ್ರಿಕ ಚಾರ್ಲ್ಸ್ ಡ್ಯೂಕ್, ಎಷ್ಟು ಎತ್ತರ ನೆಗೆಯಬಹುದೆಂದು ನೋಡಲು ಹೋಗಿ ಸಮತೋಲ ತಪ್ಪಿ ಬೆನ್ನ ಮೇಲೆ ಬಿದ್ದರು. ಅವರ ಉಸಿರಿಗೆ ಆಧಾರವಾದ ಯಂತ್ರವಿದ್ದದ್ದು ಆ ಬೆನ್ನಿನ ಪೆಟ್ಟಿಗೆಯಲ್ಲಿ. ಅದೃಷ್ಟವಶಾತ್ ಏನೂ ಒಡೆಯಲಿಲ್ಲ.

ಚಲನಚಿತ್ರಗಳು ಈ ಭೇದವನ್ನು ಅನೇಕ ಸಲ ಮರೆಯುತ್ತವೆ. ಚಂದ್ರನನ್ನು ತೋರಿಸಬೇಕಾದಾಗ ಇಡೀ ದೃಶ್ಯವನ್ನೇ ನಿಧಾನಗೊಳಿಸುವುದು ಒಂದು ಸುಲಭದ ಉಪಾಯ. ಆಗ ಬೀಳುವ ಕಲ್ಲಿನ ಜೊತೆಗೆ ಬೀಸುವ ಕೈಯೂ ನಿಧಾನವಾಗುತ್ತದೆ. ನಿಜವಾಗಿ ನಿಧಾನವಾಗುವುದು ಬೀಳುವಿಕೆ ಮಾತ್ರ. ಎದೆಯ ಎತ್ತರದಿಂದ ಜಾರಿದ ವಸ್ತು ಇಲ್ಲಿ ಅರ್ಧ ಸೆಕೆಂಡಿನಲ್ಲಿ ನೆಲ ಮುಟ್ಟಿದರೆ, ಅಲ್ಲಿ ಒಂದೂಕಾಲು ಸೆಕೆಂಡು ಹಿಡಿಯುತ್ತದೆ. ಬೀಸುವ ಕೈ, ತಿರುಗುವ ಕತ್ತು ಇವೆಲ್ಲ ಸ್ನಾಯುಗಳ ಮಾತನ್ನು ಕೇಳುತ್ತವೆ.

ಇಷ್ಟೆಲ್ಲ ನೆಗೆತದ ಮಾತಾಯಿತು. ನೆಗೆಯುವವನ ಕಡೆಗೆ ನನ್ನ ಗಮನವನ್ನು ತಿರುಗಿಸಿದವಳು ಒಬ್ಬ ವಿದ್ಯಾರ್ಥಿನಿ. ಬಹಳ ವರ್ಷಗಳ ಹಿಂದೆ, ವಿಜ್ಞಾನದ ಮೇಷ್ಟರು ರಜೆಯಲ್ಲಿದ್ದ ಒಂದು ದಿನ, ಅವರ ಅವಧಿಯಲ್ಲಿ ನಾನು ಒಂಬತ್ತನೆಯ ತರಗತಿಗೆ ಒಂದು ಕಥೆ ಹೇಳಿದೆ. ಅದು ಅಮೆರಿಕದ ಎಡ್ಗರ್ ರೈಸ್ ಬರೋಸ್ 1912ರಲ್ಲಿ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬರೆದ ಮಂಗಳಗ್ರಹದ ಕಥೆ. ಅದರ ನಾಯಕ ಜಾನ್ ಕಾರ್ಟರ್ ಸೈನಿಕನಾಗಿದ್ದವನು. ಮಂಗಳವನ್ನು ಸೇರಿದ ಕೂಡಲೇ ಅವನಿಗೆ ಅಸಾಧಾರಣ ಬಲ ಬರುತ್ತದೆ. ಮೂವತ್ತು ಅಡಿ ಎತ್ತರಕ್ಕೆ ನೆಗೆಯುತ್ತಾನೆ. ನಾಲ್ಕು ತೋಳುಗಳ ಹಸುರು ದೈತ್ಯರು ಬೆರಗಾಗಿ, 'ಸಾಕ್! ಸಾಕ್!' ಎಂದು ಅವನಿಗೆ ಆಜ್ಞೆ ಮಾಡುತ್ತಾರೆ. ಅವರ ಭಾಷೆಯಲ್ಲಿ ಅದಕ್ಕೆ 'ನೆಗೆ' ಎಂದು ಅರ್ಥವೆಂದು ಹೇಳಿದಾಗ ತರಗತಿಯೆಲ್ಲ ನಕ್ಕಿತು. ಕನ್ನಡದ ಹುಡುಗನಾಗಿದ್ದರೆ ಅಲ್ಲಿಯೇ ನಿಂತುಬಿಡುತ್ತಿದ್ದ ಎಂದು ಒಬ್ಬನು ಹೇಳಿದನು.

ನಗು ಅಡಗಿದ ಮೇಲೆ, ದಿನವೂ ಎರಡು ಮೈಲಿ ನಡೆದು ಶಾಲೆಗೆ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸಾರ್, ಅವನು ಮಂಗಳದಲ್ಲಿಯೇ ಹುಟ್ಟಿ ಬೆಳೆದಿದ್ದರೆ ಹೀಗೆ ನೆಗೆಯೋದಕ್ಕೆ ಆಗ್ತಿತ್ತಾ?"

ನಾನು ಅವಳನ್ನು ಮೆಚ್ಚಿದೆ. ಬರೋಸರ ಲೆಕ್ಕ ಉದಾರವಾದದ್ದೆಂದು ನನಗೆ ಗೊತ್ತಿತ್ತು. ಮಂಗಳದಲ್ಲಿ ಮೂವತ್ತು ಅಡಿ ನೆಗೆಯಬೇಕಾದವನು ಭೂಮಿಯಲ್ಲಿ ಹನ್ನೊಂದು ಅಡಿಯಾದರೂ ನೆಗೆಯಬಲ್ಲವನಾಗಿರಬೇಕು. ಆದರೆ ಆ ಹುಡುಗಿಯ ಪ್ರಶ್ನೆ ಇನ್ನೂ ಆಳಕ್ಕೆ ಇಳಿದಿತ್ತು. ಕಾರ್ಟರನ ಬಲ ಮಂಗಳವು ಕೊಟ್ಟ ವರವಲ್ಲ. ಭೂಮಿಯ ಭಾರವನ್ನು ಹಗಲಿರುಳು ಹೊತ್ತು ಬಲಿತ ಎಲುಬು, ಸ್ನಾಯುಗಳನ್ನು ಅವನು ತನ್ನೊಡನೆ ಕೊಂಡೊಯ್ದಿದ್ದನು. ಹಾಗಾದರೆ ಆ ಭಾರವನ್ನು ಕಾಣದೆ ಬೆಳೆದ ದೇಹ ಹೇಗಿರುತ್ತದೆ?

ಉತ್ತರದ ಎಳೆ ವೆಲ್ಸರಲ್ಲಿಯೇ ಇದೆ. ಅವರ ಚಂದ್ರನಿವಾಸಿಗಳು ಬಹಳ ಕೃಶವಾದ ಜೀವಿಗಳು. ಬೆಡ್‌ಫರ್ಡ್ ಸಿಟ್ಟಿನಿಂದ ಒಬ್ಬನಿಗೆ ಗುದ್ದಿದಾಗ ಆ ದೇಹ ಪೊಳ್ಳು ಕಾಯಿಯಂತೆ ಒಡೆದುಹೋಗುತ್ತದೆ. ಅಮೆರಿಕದ ರಾಬರ್ಟ್ ಹೈನ್‌ಲೈನ್ 1966ರಲ್ಲಿ ಪ್ರಕಟವಾದ ಚಂದ್ರನ ಕುರಿತ ಕಾದಂಬರಿಯಲ್ಲಿ ಇನ್ನೂ ಮುಂದಕ್ಕೆ ಹೋದರು. ಅಲ್ಲಿ ಚಂದ್ರನು ಅಪರಾಧಿಗಳನ್ನು ಗಡಿಪಾರು ಮಾಡುವ ಸ್ಥಳ. ಶಿಕ್ಷೆಯ ಅವಧಿ ಮುಗಿದರೂ ಅವರು ಹಿಂದಿರುಗಲಾರರು. ಕಡಿಮೆ ಸೆಳೆತಕ್ಕೆ ಹೊಂದಿಕೊಂಡ ದೇಹ ಭೂಮಿಯ ಭಾರವನ್ನು ತಾಳದು. ಗೋಡೆಯಿಲ್ಲದ ಸೆರೆಮನೆ ಅದು. ಕಾರ್ಯನಿಮಿತ್ತ ಭೂಮಿಗೆ ಬಂದ ಇಬ್ಬರು ಚಂದ್ರವಾಸಿಗಳು ಗಾಲಿಕುರ್ಚಿಯಲ್ಲಿ ಕುಳಿತು ತಿರುಗಬೇಕಾಗುತ್ತದೆ. ಕಾರ್ಟರನ ಕಥೆಯಲ್ಲಿ ಬಲವಾಗಿ ಕಂಡದ್ದೇ ಇಲ್ಲಿ ತಿರುವುಮುರುವಾಗಿ ನಿಂತಿದೆ.

ಇದು ಬರಿಯ ಕಥೆಯೆಂದು ತಳ್ಳಿಹಾಕುವಂತಿಲ್ಲ. ಭೂಮಿಯನ್ನು ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಗಗನಯಾತ್ರಿಗಳು ತೂಕವೇ ಇಲ್ಲದಂತೆ ತೇಲುತ್ತಾರೆ. ಅಂಥ ಸ್ಥಿತಿಯಲ್ಲಿ, ತಕ್ಕ ವ್ಯಾಯಾಮವಿಲ್ಲದಿದ್ದರೆ, ದೇಹದ ಭಾರವನ್ನು ಹೊರುವ ಎಲುಬುಗಳು ತಿಂಗಳಿಗೆ ನೂರಕ್ಕೆ ಒಂದು, ಒಂದೂವರೆ ಪಾಲಿನಷ್ಟು ಸಾಂದ್ರತೆಯನ್ನು ಕಳೆದುಕೊಳ್ಳುತ್ತವೆ. ಹಾಗಾಗದಂತೆ ಅವರು ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮಾಡುತ್ತಾರೆ. ಭಾರತೀಯ ಮೂಲದ ಸುನಿತಾ ವಿಲಿಯಮ್ಸ್ 286 ದಿನಗಳನ್ನು ಅಲ್ಲಿ ಕಳೆದು 2025ರ ಮಾರ್ಚ್‌ನಲ್ಲಿ ಮರಳಿದಾಗ, ದೀರ್ಘಯಾತ್ರೆ ಮುಗಿಸಿದ ಎಲ್ಲರಂತೆ, ಇತರರ ನೆರವಿನಿಂದಲೇ ನೌಕೆಯಿಂದ ಹೊರಬಂದರು. ಅದೇ ವರ್ಷ ನಿಲ್ದಾಣಕ್ಕೆ ಹೋದ ನಮ್ಮ ದೇಶದ ಶುಭಾಂಶು ಶುಕ್ಲಾ ಅಲ್ಲಿ ನಡೆಸಿದ ಪ್ರಯೋಗಗಳಲ್ಲಿ ಒಂದು, ತೂಕವಿಲ್ಲದೆಡೆಯಲ್ಲಿ ಸ್ನಾಯುಗಳ ಜೀವಕೋಶಗಳು ಹೇಗೆ ವರ್ತಿಸುತ್ತವೆ ಎಂಬುದನ್ನು ಕುರಿತದ್ದು. ಅದನ್ನು ರೂಪಿಸಿದವರು ಬೆಂಗಳೂರಿನ ವಿಜ್ಞಾನಿಗಳು. ನನ್ನ ವಿದ್ಯಾರ್ಥಿನಿಯ ಪ್ರಶ್ನೆ ಪ್ರಯೋಗಶಾಲೆಯನ್ನೂ ತಲುಪಿದೆ ಎಂದು ಓದಿ ನನಗೆ ಸಂತೋಷವಾಯಿತು.

ಚಂದ್ರನ ಮೇಲೆ ಇದುವರೆಗೆ ಅತಿ ಹೆಚ್ಚು ಕಾಲ ಇದ್ದವರೆಂದರೆ 1972ರ ಡಿಸೆಂಬರ್‌ನ ಅಪೊಲೊ 17ರ ಯಾತ್ರಿಕರು. ಅವರು ಇದ್ದದ್ದು ಸುಮಾರು 75 ಗಂಟೆಗಳು ಮಾತ್ರ. ಅಲ್ಲಿ ವರ್ಷಗಟ್ಟಲೆ ಬಾಳಿದವರಿಲ್ಲ, ಹುಟ್ಟಿದವರಿಲ್ಲ. ಆದರೂ ಅಲ್ಲಿ ನೆಲೆಸುವ ಯೋಜನೆಗಳು ಇಂದು ಹಲವು ದೇಶಗಳಲ್ಲಿ ನಡೆದಿವೆ. ಮುಂದೊಂದು ದಿನ ಅಲ್ಲೊಂದು ಮಗು ಹುಟ್ಟಿದರೆ, ಅದು ತನ್ನ ಅಜ್ಜಿಯ ಮನೆಯ ಅಂಗಳದಲ್ಲಿ ಬಂದು ನಿಲ್ಲಬಲ್ಲದೇ? ಈ ಮಾತನ್ನು ತೀರ್ಮಾನಿಸಬೇಕಾದವರು ಇಂದು ಶಾಲೆಯಲ್ಲಿ ಕುಳಿತು ಓದುತ್ತಿರುವವರು.

ಒಳ್ಳೆಯ ವಿಜ್ಞಾನದ ಕಥೆ ಪ್ರಕೃತಿಯ ಒಂದು ಅಳತೆಯನ್ನು ಬದಲಿಸುತ್ತದೆ. ಅನಂತರ ಆ ಬದಲಾವಣೆ ಎಲ್ಲಿಗೆ ಕರೆದೊಯ್ಯುತ್ತದೆಯೋ ಅಲ್ಲಿಯವರೆಗೂ, ಅಪ್ರಿಯವಾದರೂ ಸರಿ, ಪ್ರಾಮಾಣಿಕವಾಗಿ ನಡೆಯುತ್ತದೆ. ಅಂಥ ಕಥೆಯನ್ನು ಓದುವಾಗ ನಾಯಕನು ಎಷ್ಟು ಎತ್ತರ ನೆಗೆದನೆಂದು ನಾವು ಧಾರಾಳವಾಗಿ ಬೆರಗಾಗೋಣ. ಜೊತೆಗೆ, ನೆಗೆದ ಕಾಲು ಬಲಿತದ್ದು ಯಾವ ನೆಲದ ಮೇಲೆ ಎಂಬುದನ್ನೂ ಕೇಳೋಣ.